ಬಡವರ ವೈದ್ಯರಾದ ವಿಲಿಯಮ್ ಮಾರ್ಸ್ಡನರ ಚರಿತ್ರೆ

ಇಂಗ್ಲೆಂಡು ದೇಶದ ರಾಜಧಾನಿಯಾದ ಲಂಡನ್ ಪಟ್ಟಣದಲ್ಲಿ ಎರಡು ಪ್ರಖ್ಯಾತ ಆಸ್ಪತ್ರೆಗಳುಂಟು. ಒಂದಕ್ಕೆ ರಾಯಲ್ ಫ್ರೀ ಎಂದೂ ಇನ್ನೊಂದಕ್ಕೆ ರಾಯಲ್ ಮಾರ್ಸ್ಡನ್ ಎಂದೂ ಹೆಸರು. ಇವೆರಡನ್ನೂ ಸ್ಥಾಪಿಸಿದವರು ಒಬ್ಬರೇ. ಅವರು ರಾಜವಂಶದಲ್ಲಿ ಹುಟ್ಟಿದವರಲ್ಲ. ದೊಡ್ಡ ಧನಿಕರೂ ಅಲ್ಲ. ಕೆಲಸವನ್ನಾರಂಭಿಸಿದಾಗ ವೈದ್ಯರೊಳಗೆ ಹೆಸರು ಪಡೆದವರು ಸಹ ಆಗಿರಲಿಲ್ಲ. ಅವರೇ ವಿಲಿಯಮ್ ಮಾರ್ಸ್ಡನರು. ಹಣವಿಲ್ಲದ ರೋಗಿಗೆ ಆಸ್ಪತ್ರೆಯ ಬಾಗಿಲು ಹೇಗೆ ತೆರೆಯಲ್ಪಟ್ಟಿತೆಂಬುದನ್ನು ತಿಳಿಯಬೇಕಾದರೆ ಇವರ ಚರಿತ್ರೆಯನ್ನು ತಿಳಿಯಬೇಕು. ಆದಕಾರಣ ಅದನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಮಾರ್ಸ್ಡನರು 1796ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಶೆಫೀಲ್ಡ್ ಎಂಬ ಊರಲ್ಲಿ ಹುಟ್ಟಿದರು. ಆ ಊರು ಚೂರಿ, ಕತ್ತಿ, ಕತ್ತರಿ ಮೊದಲಾದ ಉಕ್ಕಿನ ಸಾಮಾನುಗಳಿಗೆ ಹೆಸರಾದದ್ದು. ಹುಡುಗರಾಗಿದ್ದಾಗಲೇ ಅವರು ಔಷಧಗಳ ಸಗಟು ವ್ಯಾಪಾರಿಯೊಬ್ಬನ ಬಳಿಯಲ್ಲಿ ಕೆಲಸ ಕಲಿಯಲು ಸೇರಿದರು. 20 ವರುಷದವರಾದಾಗ, ಅಂದರೆ 1816ರಲ್ಲಿ, ಲಂಡನಿಗೆ ಬಂದು, ಹೋಲ್ಬರ್ನ್ ಎಂಬ ಬೀದಿಯ ಬಳಿಯಲ್ಲಿ ಒಬ್ಬ ಶಸ್ತ್ರವೈದ್ಯರ ಕೈಕೆಳಗೆ ಅಭ್ಯಾಸ ಮಾಡಿ, ತರುವಾಯ ಅಲ್ಲೇ ತಮ್ಮ ಸ್ವಂತ ವೃತ್ತಿಯನ್ನಾರಂಭಿಸಿದರು. 1820ರಲ್ಲಿ ಎಲಿಜಬೆತ್ ಆನ್ ಎಂಬವರೊಡನೆ ಅವರ ವಿವಾಹವಾಯಿತು. ಆದರೆ ತಮಗೆ ತಿಳಿದದ್ದು ಸಾಲದೆಂದು ಅವರ ಮನಸ್ಸಿಗೆ ತೋರಿತು. ಸಂಸಾರದ ಭಾರವು ಹೆಗಲ ಮೇಲಿದ್ದಾಗ್ಯೂ ಸಂತ ಬಾರ್ಥಲೋಮಾಯನ ಆಸ್ಪತ್ರೆಯಲ್ಲಿ ಜಾನ್ ಅಬರ್ನೆಥಿ ಎಂಬ ಪ್ರಸಿದ್ಧ ಗುರುವಿನ ಪಾಠಗಳನ್ನು ಕೇಳಿದರು. ಅಬರ್ನೆಥಿಯು ವಿದ್ಯೆಯಲ್ಲಿ ಎಷ್ಟು ಹೆಸರಾಗಿದ್ದನೋ ಒರಟು ಮಾತಿನಲ್ಲಿಯೂ ಅಷ್ಟೇ ಹೆಸರಾಗಿದ್ದವನು. ಅವನ ಬಳಿಯಲ್ಲಿ ಕಲಿತು ತಾಳಿಕೊಂಡವರು ಯಾರ ಬಿರುಸಿಗೂ ಹೆದರಬೇಕಾದದ್ದಿಲ್ಲ. 1827ರ ಎಪ್ರಿಲ್ ತಿಂಗಳಲ್ಲಿ ಮಾರ್ಸ್ಡನರು ಶಸ್ತ್ರವೈದ್ಯರ ರಾಜಸಭೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅದರ ಸದಸ್ಯರಾದರು.

ಇಲ್ಲಿ ನಾವು ಚರಿತ್ರೆಯನ್ನು ಸ್ವಲ್ಪ ನಿಲ್ಲಿಸಿ, ಆ ಕಾಲದ ಲಂಡನಿನ ಆಸ್ಪತ್ರೆಗಳು ಹೇಗೆ ನಡೆಯುತ್ತಿದ್ದವೆಂಬುದನ್ನು ಹೇಳಬೇಕಾಗಿದೆ. ಇದನ್ನು ತಿಳಿಯದ ಹೊರತು ಮಾರ್ಸ್ಡನರು ಮಾಡಿದ ಕೆಲಸದ ಬೆಲೆಯು ತಿಳಿಯಲಾರದು.

ಆ ಪಟ್ಟಣದಲ್ಲಿ ಆಸ್ಪತ್ರೆಗಳಿಗೆ ಕಡಮೆಯಿರಲಿಲ್ಲ. ಸಂತ ಬಾರ್ಥಲೋಮಾಯನ ಆಸ್ಪತ್ರೆಯು 1123ರಲ್ಲಿ ಸ್ಥಾಪಿತವಾದದ್ದು. ಸಂತ ತೋಮನ ಆಸ್ಪತ್ರೆಯೂ ಬಹು ಹಳೆಯದು. 1700ರಿಂದ ಈಚೆಗೆ ವೆಸ್ಟ್‌ಮಿನ್‌ಸ್ಟರ್, ಗೈ, ಸಂತ ಜಾರ್ಜ್, ಲಂಡನ್, ಮಿಡ್ಲ್‌ಸೆಕ್ಸ್ ಎಂಬ ಆಸ್ಪತ್ರೆಗಳು ಒಂದರ ಹಿಂದೆ ಒಂದು ಹುಟ್ಟಿದವು. ಇವೆಲ್ಲವೂ ಬಡವರಿಗಾಗಿಯೇ ಕಟ್ಟಲ್ಪಟ್ಟವುಗಳು. ಹಣವಂತರು ಆ ಕಾಲದಲ್ಲಿ ವೈದ್ಯರನ್ನು ತಮ್ಮ ಮನೆಗೇ ಕರಿಸಿಕೊಳ್ಳುತ್ತಿದ್ದರು. ಹಾಗಾದರೆ ಬಡವರಿಗೆ ಕೊರತೆಯೇನೆಂದು ವಾಚಕರು ಕೇಳಬಹುದು. ಕೊರತೆಯು ಬಾಗಿಲಲ್ಲಿತ್ತು.

ಹೊಸ ಆಸ್ಪತ್ರೆಗಳಲ್ಲಿ ಹೆಚ್ಚಿನವು ಧರ್ಮಿಷ್ಠರ ಚಂದಾ ಹಣದಿಂದ ನಡೆಯುತ್ತಿದ್ದವು. ವರುಷಕ್ಕೆ ಇಷ್ಟು ಗಿನಿ ಎಂದು ಕೊಡುವವನಿಗೆ (ಒಂದು ಗಿನಿ ಅಂದರೆ 21 ಶಿಲ್ಲಿಂಗು) ಇಷ್ಟು ಮಂದಿ ರೋಗಿಗಳನ್ನು ಕಳುಹಿಸುವ ಹಕ್ಕು ಇರುತ್ತಿತ್ತು. ರೋಗಿಯು ಮೊದಲು ಅಂಥ ಚಂದಾದಾರನೊಬ್ಬನನ್ನು ಹುಡುಕಿ, ಅವನ ಮನೆಯ ಬಾಗಿಲಲ್ಲಿ ನಿಂತು, ಅವನ ಕೈಯಿಂದ ಶಿಫಾರಸು ಪತ್ರವನ್ನು ಪಡಕೊಳ್ಳಬೇಕು. ಅದನ್ನು ಹಿಡುಕೊಂಡು ವಾರದ ಗೊತ್ತಾದ ದಿನದಲ್ಲಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕಾರ್ಯದರ್ಶಿಗಳ ಸಭೆಯು ಅವನನ್ನು ನೋಡಿ, ಮಂಚ ಖಾಲಿಯಿದ್ದರೆ ಸೇರಿಸುವದು. ಇಲ್ಲವಾದರೆ ಮುಂದಿನ ವಾರ ಬಾರೆಂದು ಕಳುಹಿಸುವದು. ಗಾಡಿಯ ಕೆಳಗೆ ಸಿಕ್ಕಿದವನು, ಏಣಿಯಿಂದ ಬಿದ್ದು ಮೂಳೆ ಮುರುಕೊಂಡವನು ಮುಂತಾದವರನ್ನು ಮಾತ್ರ ಪತ್ರವಿಲ್ಲದೆ ತೆಗೆದುಕೊಳ್ಳುವ ವಾಡಿಕೆಯುಂಟು. ಜ್ವರವು ವಾರವನ್ನು ಕಾಯುವುದಿಲ್ಲವೆಂಬುದನ್ನು ಈ ನಿಯಮಗಳನ್ನು ಬರೆದವರು ಯೋಚಿಸಲಿಲ್ಲವೆಂದು ತೋರುತ್ತದೆ.

ಇನ್ನೂ ಒಂದು ಸಂಗತಿ ಉಂಟು. ವರುಷದ ಕೊನೆಯಲ್ಲಿ ಪ್ರತಿಯೊಂದು ಆಸ್ಪತ್ರೆಯೂ ತನ್ನ ಚಂದಾದಾರರಿಗೆ ವರದಿಯನ್ನು ಒಪ್ಪಿಸಬೇಕಾಗಿತ್ತು. ವಾಸಿಯಾದವರು ಇಷ್ಟು, ಸತ್ತವರು ಇಷ್ಟು ಎಂಬ ಲೆಕ್ಕವು ಅದರಲ್ಲಿರುವದು. ಸತ್ತವರ ಲೆಕ್ಕವು ಹೆಚ್ಚಾದರೆ ಆಸ್ಪತ್ರೆಗೆ ಹೆಸರಿಲ್ಲ. ಆದಕಾರಣ ಸಾಯುವಂತೆ ತೋರುವವರನ್ನೂ, ಅಂಟುರೋಗದವರನ್ನೂ, ವಾಸಿಯಾಗದ ರೋಗದವರನ್ನೂ ಅನೇಕ ಆಸ್ಪತ್ರೆಗಳು ಒಳಗೆ ಸೇರಿಸುತ್ತಿರಲಿಲ್ಲ. ಕೆಲವು ಕಡೆಗಳಲ್ಲಿ ರೋಗಿಯು ಸತ್ತರೆ ಹೂಣಿಡುವ ಖರ್ಚಿಗೆ ಮೊದಲೇ ಜಾಮೀನು ಕೇಳುತ್ತಿದ್ದರು. ಹೀಗೆ ಯಾರಿಗೆ ಆಸ್ಪತ್ರೆಯು ಅತ್ಯಗತ್ಯವೋ ಅವರೇ ಹೊರಗೆ ಉಳಿಯುತ್ತಿದ್ದರು. ಧನಿಕನ ಮನೆಯ ಅಡಿಗೆಯವಳಿಗೂ ಕುದುರೆ ನೋಡುವವನಿಗೂ ಪತ್ರವು ಸುಲಭವಾಗಿ ಸಿಕ್ಕುವದು; ನಿನ್ನೆ ಹಳ್ಳಿಯಿಂದ ಕೆಲಸ ಹುಡುಕಿ ಬಂದವನಿಗೆ ಪತ್ರ ಕೊಡುವವರು ಯಾರು? ರೋಗಿಗಳನ್ನು ಕರಕೊಂಡು ಪಟ್ಟಣದ ಆಸ್ಪತ್ರೆಗಳ ಜಗಲಿಯಲ್ಲಿ ಕಾದುಕೂತ ನಮಗೆ, ಗುರುತಿನವರಿಲ್ಲದ ಬಡವನ ಮುಖವು ಆಗ ಹೇಗಿರುವದೆಂಬುದು ಚೆನ್ನಾಗಿ ಗೊತ್ತಿದೆ. 200 ವರುಷಗಳ ಹಿಂದೆ ಲಂಡನಿನಲ್ಲಿಯೂ ಅದು ಹಾಗೆಯೇ ಇದ್ದಿರಬೇಕು.

ಈಗ ಚರಿತ್ರೆಗೆ ಹಿಂದಿರುಗುವ. 1827ನೆಯ ಇಸವಿಯ ಚಳಿಗಾಲದ ಒಂದು ರಾತ್ರಿ ಮಾರ್ಸ್ಡನರು ಮನೆಗೆ ಹೋಗುತ್ತಿರುವಾಗ, ಹೋಲ್ಬರ್ನಿನ ಸಂತ ಅಂದ್ರೆಯನ ದೇವಾಲಯದ ಅಂಗಳದ ಮೆಟ್ಟಲುಗಳ ಮೇಲೆ ಒಬ್ಬ ಹುಡುಗಿಯು ಬಿದ್ದಿರುವದನ್ನು ಕಂಡರು. ಆಕೆಗೆ ಸುಮಾರು 18 ವರುಷ ವಯಸ್ಸು. ರೋಗದಿಂದಲೂ ಹಸಿವೆಯಿಂದಲೂ ಆಕೆಯು ಸಾಯುವ ಸ್ಥಿತಿಯಲ್ಲಿದ್ದಳು. ಮಾರ್ಸ್ಡನರು ಆಕೆಯನ್ನು ಆಸ್ಪತ್ರೆಗೆ ಸೇರಿಸಲು ತಮ್ಮಿಂದಾದ ಪ್ರಯತ್ನವನ್ನೆಲ್ಲಾ ಮಾಡಿದರು. ಅವರು ಸ್ವತಃ ವೈದ್ಯರು; ಆ ಆಸ್ಪತ್ರೆಗಳಲ್ಲೊಂದರಲ್ಲೇ ಪಾಠ ಕೇಳಿದವರು. ಆದರೂ ಪತ್ರವಿಲ್ಲವೆಂಬ ಒಂದೇ ಕಾರಣದಿಂದ ಯಾವ ಬಾಗಿಲೂ ತೆರೆಯಲಿಲ್ಲ. ಕಡೆಗೆ ಒಬ್ಬ ವಿಧವೆಯ ಮನೆಯಲ್ಲಿ ಆಕೆಗೆ ಸ್ಥಳ ದೊರಕಿಸಿ ತಾವೇ ಆರೈಕೆ ನಡಿಸಿದರು. ಆದರೆ ಕಾಲ ಮೀರಿಹೋಗಿತ್ತು. ಆಕೆಯು ಸ್ವಲ್ಪ ದಿವಸಗಳಲ್ಲೇ ತೀರಿಹೋದಳು. ಆಕೆಯ ಹೆಸರು ಏನು, ಯಾವ ಊರು, ತಂದೆತಾಯಿಗಳು ಯಾರು ಎಂಬದು ಯಾರಿಗೂ ತಿಳಿಯಲಿಲ್ಲ. ದೇವಾಲಯದ ಅಂಗಳದಲ್ಲಿಯೇ ಇದು ನಡೆಯಿತೆಂಬದನ್ನು ನಾವು ಗಮನಿಸದೆ ಇರಲಾರೆವು.

ಇಂಥ ದುಃಖವನ್ನು ಕಂಡವರು ಆ ಪಟ್ಟಣದಲ್ಲಿ ಇವರೊಬ್ಬರೇ ಅಲ್ಲ. ದಿನವೂ ನೂರಾರು ಜನರು ಕಂಡು, ನಿಟ್ಟುಸಿರುಬಿಟ್ಟು, ಮುಂದೆ ಹೋಗುತ್ತಿದ್ದರು. ಆದರೆ ಮಾರ್ಸ್ಡನರು ಬೇರೆ ಆಸ್ಪತ್ರೆಗಳಿಗೆ ಇನ್ನಷ್ಟು ಚಂದಾದಾರರನ್ನು ಸೇರಿಸಿ ಇನ್ನಷ್ಟು ಪತ್ರಗಳನ್ನು ಹಂಚೋಣವೆಂದು ಯೋಚಿಸಲಿಲ್ಲ. ಪತ್ರವೇ ಬೇಡವೆಂದು ನಿಶ್ಚಯಿಸಿದರು. ಒಬ್ಬನು ಬಡವನಾಗಿದ್ದಾನೆ, ಮತ್ತು ರೋಗಿಯಾಗಿದ್ದಾನೆ. ಇವೆರಡಕ್ಕಿಂತ ಹೆಚ್ಚಿನ ಶಿಫಾರಸು ಯಾತಕ್ಕೆ ಬೇಕು ಎಂಬುದೇ ಅವರ ವಿಚಾರವಾಗಿತ್ತು. ಕೇಳುವದಕ್ಕೆ ಇದು ಬಹು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಆದರೆ ಚಂದಾದಾರನ ಕೈಯಿಂದ ಅವನ ಅಧಿಕಾರವನ್ನು ತೆಗೆದುಬಿಟ್ಟರೆ ಅವನು ಹಣವನ್ನು ಕೊಡುವನೋ? ಕೊಟ್ಟದ್ದಕ್ಕೆ ಪ್ರತಿಯಾಗಿ ಏನೂ ದೊರಕದ ಧರ್ಮಕ್ಕೆ ಎಷ್ಟು ಮಂದಿ ಕೈ ಚಾಚುವರು? ಇದೇ ಅವರ ಮುಂದಿದ್ದ ಕಷ್ಟ. ಅವರ ಜೀವಮಾನವೆಲ್ಲಾ ಈ ಕಷ್ಟದೊಂದಿಗೆ ಹೋರಾಡುವದರಲ್ಲಿಯೇ ಕಳೆಯಿತು.

1828ರ ಫೆಬ್ರವರಿಯಲ್ಲಿ ಅವರು ಕೆಲವು ಮಿತ್ರರನ್ನು ಒಂದು ಕಾಫಿಯಂಗಡಿಯಲ್ಲಿ ಕೂಡಿಸಿ ತಮ್ಮ ಉದ್ದೇಶವನ್ನು ತಿಳಿಸಿದರು. ಲಂಡನಿನಲ್ಲಿ ಆಯಾ ಕಸುಬಿನವರಿಗೆ ಪುರಾತನ ಸಂಘಗಳಿವೆ. ಅವುಗಳಲ್ಲಿ ಪಾದರಕ್ಷೆ ಮಾಡುವವರ ಸಂಘವೂ ಒಂದು. ಮಾರ್ಸ್ಡನರು ಆ ಸಂಘಕ್ಕೆ ಸೇರಿದವರಾಗಿದ್ದರು. ಅದರ ಸದಸ್ಯರು ಕೆಲವರು ಮೊದಲು ಕೈಕೊಟ್ಟರು. ಅದೇ ವರುಷದ ಎಪ್ರಿಲಿನಲ್ಲಿ ಹ್ಯಾಟನ್ ಗಾರ್ಡನ್ ಎಂಬ ಕೇರಿಯ ಗ್ರೆವಿಲ್ ಬೀದಿಯಲ್ಲಿ ಒಂದು ಸಾಧಾರಣ ಮನೆಯನ್ನು ಬಾಡಿಗೆಗೆ ಹಿಡಿದು ಔಷಧಶಾಲೆಯನ್ನು ತೆರೆದರು. ಅದಕ್ಕೆ ಇಟ್ಟ ಹೆಸರು ಮಾತ್ರ ಮನೆಗಿಂತಲೂ ದೊಡ್ಡದಾಗಿತ್ತು: ಕಠಿಣ ರೋಗಗಳನ್ನು ಉಚಿತವಾಗಿ ವಾಸಿಮಾಡುವ ಲಂಡನಿನ ಸಾರ್ವಜನಿಕ ಸಂಸ್ಥೆ. ಆರಂಭದಲ್ಲಿ ಅಲ್ಲಿ ಮಲಗಿಸುವದಕ್ಕೆ ಮಂಚಗಳಿರಲಿಲ್ಲ. ರೋಗಿಗಳು ಬಂದು, ತೋರಿಸಿಕೊಂಡು, ಔಷಧ ತಕ್ಕೊಂಡು ಹೋಗುವರು. ಗಾಡಿ ಹೊಡೆಯುವವರು, ಬಟ್ಟೆ ಹೊಲಿಯುವ ಹೆಂಗಸರು, ಕೂಲಿಯವರು, ಕೆಲಸ ತಪ್ಪಿದ ಮನೆಯಾಳುಗಳು ಮೊದಲಾದ ದುಡಿದು ತಿನ್ನುವ ಜನರಿಗೇ ಇಂಥ ಸ್ಥಳವು ಬೇಕಾಗಿತ್ತು. ದುಡಿಯುವಷ್ಟು ದಿನ ಅವರು ಯಾರ ಮುಂದೆಯೂ ಕೈಯೊಡ್ಡುವವರಲ್ಲ. ರೋಗವು ಬಂದು ಹದಿನೈದು ದಿನ ಮಲಗಿದರೆ ಮಾತ್ರ ಮನೆಯ ಬಾಡಿಗೆಗೂ ರೊಟ್ಟಿಗೂ ಏನೂ ಉಳಿಯದು.

ವಿರೋಧವು ತಡವಿಲ್ಲದೆ ಬಂತು. ಹೊಸದಾಗಿ ಪರೀಕ್ಷೆ ಮುಗಿಸಿದ ಸಾಮಾನ್ಯ ವೈದ್ಯನು ಇಂಥ ಕೆಲಸಕ್ಕೆ ಕೈಹಾಕಬಹುದೇ ಎಂದು ಕೆಲವರು ಹಾಸ್ಯಮಾಡಿದರು. ವಿಚಾರಿಸದೆ ಒಳಗೆ ಬಿಟ್ಟರೆ ಹಣವುಳ್ಳವರು ಬಡವರ ವೇಷದಿಂದ ಬಂದು ಧರ್ಮದ ಔಷಧವನ್ನು ಕದಿಯುವರೆಂದು ಬೇರೆ ಕೆಲವರು ಹೇಳಿದರು. ಈ ಎರಡನೆಯ ಮಾತನ್ನು ನಾವು ತಳ್ಳಿಬಿಡುವದಿಲ್ಲ. ಧರ್ಮದ ಹಣವನ್ನು ಕಾಯುವವನಿಗೆ ಈ ಭಯವು ಇರಬೇಕಾದದ್ದೇ. ಆದರೆ ಮಾರ್ಸ್ಡನರು ಎರಡು ಕೆಡುಕುಗಳನ್ನು ತಕ್ಕಡಿಯಲ್ಲಿಟ್ಟು ತೂಗಿದರು. ಒಬ್ಬ ವಂಚಕನು ಔಷಧವನ್ನು ಪಡೆದರೆ ಕೆಲವು ಪೆನ್ನಿಗಳು ನಷ್ಟ. ಒಬ್ಬ ನಿಜವಾದ ಬಡವನು ಹೊರಗೆ ನಿಂತರೆ ಒಂದು ಪ್ರಾಣವೇ ನಷ್ಟ. ಅವರು ಹೋದ ಮೇಲೆಯೂ ಈ ಚರ್ಚೆಯು ಮುಗಿಯಲಿಲ್ಲ. 1895ರಲ್ಲಿ ಅದೇ ಆಸ್ಪತ್ರೆಯು ಮೇರಿ ಸ್ಟುವರ್ಟ್ ಎಂಬ ಸ್ತ್ರೀಯನ್ನು ನೇಮಿಸಿ, ಬರುವ ರೋಗಿಗಳಲ್ಲಿ ಧರ್ಮಕ್ಕೆ ಅಪಾತ್ರರಾದವರು ಎಷ್ಟು ಮಂದಿ ಎಂದು ವಿಚಾರಿಸುವ ಕೆಲಸವನ್ನು ಒಪ್ಪಿಸಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಆ ಉದ್ಯೋಗಕ್ಕೆ ನೇಮಕವಾದವರಲ್ಲಿ ಆಕೆಯೇ ಮೊದಲಿನವಳು. ವಂಚಕರನ್ನು ಹುಡುಕಲಿಕ್ಕೆ ಕೂತವಳಿಗೆ ಹೆಚ್ಚಾಗಿ ಕಂಡವರು ಬೇರೆ ಜನರು: ಔಷಧ ಸಿಕ್ಕಿದರೂ ಹೊಟ್ಟೆಗಿಲ್ಲದ್ದರಿಂದ ಗುಣ ಕಾಣದವರು. ಬರಬರುತ್ತಾ ಆ ಉದ್ಯೋಗವು ಅಂಥವರಿಗೆ ಸಹಾಯವನ್ನು ಒದಗಿಸುವ ಕೆಲಸವಾಗಿ ಬದಲಾಯಿತು.

1832ನೆಯ ಇಸವಿಯಲ್ಲಿ ಔಷಧಶಾಲೆಗೆ ಅಗ್ನಿಪರೀಕ್ಷೆಯು ಬಂತು. ನಮ್ಮ ಹಿರಿಯರು ವಾಂತಿಭೇದಿ ಎಂದು ಕರೆದು ನಡುಗುತ್ತಿದ್ದ ಕಾಲರಾ ರೋಗವು 1817ರಲ್ಲಿ ಬಂಗಾಳದಿಂದ ಹೊರಟು, ದೇಶದಿಂದ ದೇಶಕ್ಕೆ ಹರಡುತ್ತಾ, 1831ರಲ್ಲಿ ಇಂಗ್ಲೆಂಡಿನ ಸಂಡರ್ಲೆಂಡ್ ಬಂದರಿಗೂ ಮರುವರುಷ ಲಂಡನಿಗೂ ಮುಟ್ಟಿತು. ಆ ಒಂದು ಪಟ್ಟಣದಲ್ಲೇ 5,000ಕ್ಕಿಂತ ಹೆಚ್ಚು ಜನರು ಸತ್ತರು. ಬೆಳಿಗ್ಗೆ ಕೆಲಸಕ್ಕೆ ಹೋದವನು ಸಂಜೆಗೆ ಶವವಾಗುತ್ತಿದ್ದನು. ರೋಗವು ಕೆಟ್ಟ ನೀರಿನಿಂದ ಹರಡುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಜಾನ್ ಸ್ನೋ ಎಂಬ ವೈದ್ಯರು ಅದನ್ನು ಬ್ರಾಡ್ ಬೀದಿಯ ನೀರಿನ ಪಂಪಿನಿಂದ ತೋರಿಸಿಕೊಟ್ಟದ್ದು 1854ರಲ್ಲಿ. ಗಾಳಿಯೇ ವಿಷವಾಗಿದೆಯೆಂದು ಜನರು ನಂಬಿ ರೋಗಿಯ ಬಳಿಗೆ ಹೋಗಲು ಹೆದರುತ್ತಿದ್ದರು. ದೊಡ್ಡ ಆಸ್ಪತ್ರೆಗಳು ಕಾಲರಾ ರೋಗಿಗಳಿಗೆ ಬಾಗಿಲು ಮುಚ್ಚಿಕೊಂಡವು. ಆಗ ಗ್ರೆವಿಲ್ ಬೀದಿಯ ಸಣ್ಣ ಮನೆಯು ತನ್ನ ಬಾಗಿಲನ್ನು ಮುಚ್ಚಲಿಲ್ಲ. ಮಂಚಗಳಿಲ್ಲದಲ್ಲಿ ಮಂಚಗಳನ್ನು ಹಾಕಿಸಿ ಮಾರ್ಸ್ಡನರು ಆ ರೋಗಿಗಳನ್ನು ಸೇರಿಸಿಕೊಂಡರು. ತಾವು ಕಂಡು ಕಲಿತದ್ದನ್ನೆಲ್ಲಾ ಕೂಡಿಸಿ ಆ ರೋಗದ ಲಕ್ಷಣಗಳನ್ನೂ ಚಿಕಿತ್ಸೆಯನ್ನೂ ಕುರಿತು 1834ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು.

ಇದಾದ ಮೇಲೆ ಹಾಸ್ಯಮಾಡುವವರ ಬಾಯಿ ಮುಚ್ಚಿತು. 1837ರಲ್ಲಿ ಪಟ್ಟಕ್ಕೆ ಬಂದ ವಿಕ್ಟೋರಿಯಾ ರಾಣಿಯವರು ಆಸ್ಪತ್ರೆಗೆ ಪೋಷಕರಾಗಿ, ರಾಯಲ್ ಫ್ರೀ ಎಂಬ ಹೆಸರನ್ನು ದಯಪಾಲಿಸಿದರು. ರಾಯಲ್ ಅಂದರೆ ಅರಸುತನಕ್ಕೆ ಸೇರಿದ್ದು. ಫ್ರೀ ಅಂದರೆ ಧರ್ಮಾರ್ಥವಾದದ್ದು. ಅರಸುತನವೂ ಬಡವರ ಧರ್ಮಶಾಲೆಯೂ ಒಂದೇ ಹೆಸರಿನಲ್ಲಿ ಹೀಗೆ ಕೂಡಿದ್ದು ನಮಗೆ ಬಹಳ ಇಷ್ಟವಾದ ಸಂಗತಿ. 1840ರ ದಶಕದ ಆದಿಯಲ್ಲಿ ಆಸ್ಪತ್ರೆಯು ಇಕ್ಕಟ್ಟಾದ ಮನೆಯನ್ನು ಬಿಟ್ಟು ಗ್ರೇಸ್ ಇನ್ ರಸ್ತೆಗೆ ಹೋಯಿತು. ಅಲ್ಲಿ ಕುದುರೆ ದಂಡಿನ ಸ್ವಯಂಸೇವಕರು ಬಿಟ್ಟುಹೋದ ಹಳೇ ಠಾಣ್ಯವಿತ್ತು. ಸಿಪಾಯಿಗಳಿದ್ದ ಕೋಣೆಗಳಲ್ಲಿ ರೋಗಿಗಳು ಮಲಗಿದರು. ಹಣದ ಅಡಚಣೆಯು ಮಾತ್ರ ಹೋಗಲಿಲ್ಲ. ಪತ್ರದ ಹಕ್ಕನ್ನು ಕೊಡದ ಆಸ್ಪತ್ರೆಯು ದಾನಿಗಳ ದಯವನ್ನೇ ನಂಬಿ ವರುಷ ವರುಷವೂ ಭಿಕ್ಷೆಯೆತ್ತಬೇಕಾಗಿತ್ತು.

1846ರಲ್ಲಿ ದುಃಖವು ಅವರ ಸ್ವಂತ ಮನೆಯನ್ನೇ ಹೊಕ್ಕಿತು. ಅವರ ಪತ್ನಿ ಎಲಿಜಬೆತ್ ಆನ್ ಎಂಬವರು ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಗಂಡನೇ ವೈದ್ಯನು, ಒಂದು ಆಸ್ಪತ್ರೆಯೇ ಅವರ ಕೈಯಲ್ಲಿತ್ತು. ಆದರೂ ಆಕೆಗಾಗಿ ಮಾಡಬಹುದಾದದ್ದು ಏನೂ ಇರಲಿಲ್ಲ. ಆ ರೋಗವು ಯಾಕೆ ಬರುತ್ತದೆ, ಹೇಗೆ ಬೆಳೆಯುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಶಸ್ತ್ರಕ್ರಿಯೆಯ ನೋವನ್ನು ತಡೆಯುವ ಈಥರ್ ಔಷಧವು ಬಳಕೆಗೆ ಬಂದದ್ದು ಅದೇ ವರುಷದ ಕೊನೆಯಲ್ಲಿ. ಹಣವಂತರ ಮನೆಯಲ್ಲಿ ಅಫೀಮು ಇತ್ತು, ಆರೈಕೆಮಾಡುವ ಆಳುಗಳಿದ್ದರು. ಬಡವರ ಮನೆಯ ಕ್ಯಾನ್ಸರ್ ರೋಗಿಯನ್ನಾದರೋ ವಾಸಿಯಾಗದವರೆಂದು ಬಹುಮಟ್ಟಿಗೆ ಆಸ್ಪತ್ರೆಗಳು ಹಿಂದಕ್ಕೆ ಕಳುಹಿಸುತ್ತಿದ್ದವು. ದುರ್ವಾಸನೆಯ ಕಾರಣ ನೆರೆಯವರೂ ಹತ್ತಿರ ಸೇರಿಸುತ್ತಿರಲಿಲ್ಲ.

ಐದು ವರುಷಗಳ ತರುವಾಯ, 1851ರಲ್ಲಿ, ಮಾರ್ಸ್ಡನರು ವೆಸ್ಟ್‌ಮಿನ್‌ಸ್ಟರಿನ ಕ್ಯಾನನ್ ರೋ ಎಂಬಲ್ಲಿ ಒಂದು ಸಣ್ಣ ಮನೆಯನ್ನು ಹಿಡಿದು ಉಚಿತ ಕ್ಯಾನ್ಸರ್ ಆಸ್ಪತ್ರೆಯನ್ನು ತೆರೆದರು. ಇಲ್ಲಿಯೂ ಪತ್ರ ಬೇಕಾದದ್ದಿಲ್ಲ. ಬಡತನವೂ ಆ ರೋಗವೂ ಇದ್ದರೆ ಸಾಕು. ಒಂದೇ ರೋಗಕ್ಕಾಗಿ ಪ್ರತ್ಯೇಕವಾದ ಆಸ್ಪತ್ರೆಯು ಅನಾವಶ್ಯಕವೆಂದು ಆ ಕಾಲದ ದೊಡ್ಡ ವೈದ್ಯರಲ್ಲಿ ಅನೇಕರು ಎಣಿಸಿದರು. ಮಾರ್ಸ್ಡನರ ಯೋಚನೆ ಬೇರೆ. ಅಲ್ಲೊಬ್ಬ ಇಲ್ಲೊಬ್ಬ ರೋಗಿಯನ್ನು ನೋಡಿದರೆ ರೋಗದ ಗುಟ್ಟು ತಿಳಿಯಲಾರದು. ಎಲ್ಲರನ್ನೂ ಒಂದೇ ಸ್ಥಳದಲ್ಲಿ ಕೂಡಿಸಿ, ಅವರ ಗಡ್ಡೆಗಳ ಜಾತಿಗಳನ್ನು ವಿಂಗಡಿಸಿ, ಬರೆದಿಟ್ಟುಕೊಂಡರೆ ಮುಂದೊಂದು ದಿನ ಚಿಕಿತ್ಸೆಯ ದಾರಿ ಕಾಣಬಹುದು. ಹೀಗೆ ಆರೈಕೆಯೂ ಅನ್ವೇಷಣೆಯೂ ಒಂದೇ ಮಾಡಿನ ಕೆಳಗೆ ನಡೆಯುವಂತೆ ಮಾಡಿದರು. ಹತ್ತು ವರುಷಗಳೊಳಗೆ ಮನೆಯು ಸಾಲದೆ ಹೋಯಿತು. ಧರ್ಮಕಾರ್ಯಗಳಲ್ಲಿ ಹೆಸರಾದ ಆಂಜೆಲಾ ಬರ್ಡೆಟ್ ಕೂಟ್ಸ್ ಎಂಬ ಮಹಿಳೆಯು 1859ರಲ್ಲಿ ಹೊಸ ಕಟ್ಟಡಕ್ಕೆ ಅಸ್ತಿವಾರದ ಕಲ್ಲನ್ನಿಟ್ಟಳು. 1862ರಿಂದ ಫುಲ್ಹಮ್ ರಸ್ತೆಯ ಆ ಕಟ್ಟಡದಲ್ಲಿ ಕೆಲಸವು ನಡೆಯತೊಡಗಿತು.

ಮಾರ್ಸ್ಡನರ ಮಗನಾದ ಅಲೆಕ್ಸಾಂಡರನು ಸಹ ಶಸ್ತ್ರವೈದ್ಯನಾಗಿ, ಕ್ರೈಮಿಯಾ ಯುದ್ಧದಲ್ಲಿ ಗಾಯಪಟ್ಟವರ ಸೇವೆಮಾಡಿ ಬಂದು, ತಂದೆಯು ಸ್ಥಾಪಿಸಿದ ಎರಡೂ ಆಸ್ಪತ್ರೆಗಳಲ್ಲಿ ಕೆಲಸಮಾಡಿದನು. ತಂದೆಯವರು 1867ನೆಯ ಇಸವಿಯ ಜನವರಿ 16ನೆಯ ತಾರೀಕಿನಲ್ಲಿ ರಿಚ್‌ಮಂಡಿನಲ್ಲಿ ಶ್ವಾಸನಾಳದ ರೋಗದಿಂದ ತೀರಿಕೊಂಡರು. ಅವರಿಗೆ ಆಗ 70 ವರುಷ ವಯಸ್ಸಾಗಿತ್ತು. ಅವರ ಕ್ಯಾನ್ಸರ್ ಆಸ್ಪತ್ರೆಗೆ ಅವರ ಹೆಸರನ್ನಿಟ್ಟದ್ದು 1954ರಲ್ಲಿ, ಅಂದರೆ ಅವರು ತೀರಿಹೋಗಿ 87 ವರುಷಗಳಾದ ಮೇಲೆ. 1948ರ ಜುಲೈ 5ರಿಂದ ಆ ದೇಶದ ಸರಕಾರವೇ ಚಿಕಿತ್ಸೆಯ ಖರ್ಚನ್ನು ತೆರಿಗೆಯ ಹಣದಿಂದ ವಹಿಸಿಕೊಂಡಿತು. ಎರಡು ಆಸ್ಪತ್ರೆಗಳೂ ಆ ಏರ್ಪಾಡಿನೊಳಗೆ ಸೇರಿದವು.

ರಾಯಲ್ ಫ್ರೀ ಆಸ್ಪತ್ರೆಯ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆವು, ಯಾಕಂದರೆ ಅದು ನಮ್ಮ ದೇಶಕ್ಕೂ ಸಂಬಂಧಪಟ್ಟದ್ದು. 1874ರಲ್ಲಿ ಲಂಡನಿನಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯು ಸ್ಥಾಪಿತವಾಯಿತು. ಪಾಠ ಹೇಳುವವರು ಸಿಕ್ಕಿದರು. ಆದರೆ ರೋಗಿಗಳ ಬಳಿಯಲ್ಲಿ ನಿಂತು ಕಲಿಯುವದಕ್ಕೆ ಪಟ್ಟಣದ ದೊಡ್ಡ ಆಸ್ಪತ್ರೆಗಳು ಆ ವಿದ್ಯಾರ್ಥಿನಿಯರನ್ನು ಒಳಗೆ ಬಿಡಲಿಲ್ಲ. 1877ರಲ್ಲಿ ರಾಯಲ್ ಫ್ರೀ ಅವರನ್ನು ಸೇರಿಸಿಕೊಂಡಿತು. ಮದ್ರಾಸಿನಲ್ಲಿ ಒಬ್ಬ ವಕೀಲರ ಪತ್ನಿಯಾಗಿದ್ದ ಮೇರಿ ಶಾರ್ಲೀಬ್ ಎಂಬವರು, ಪರದೆಯೊಳಗಿನ ಸ್ತ್ರೀಯರು ಗಂಡು ವೈದ್ಯರಿಗೆ ತೋರಿಸಿಕೊಳ್ಳಲಾರದೆ ಹೆರಿಗೆಯಲ್ಲಿ ಸಾಯುವದನ್ನು ಕಂಡು, 1875ರಲ್ಲಿ ಮದ್ರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದ್ದರು. ಮುಂದೆ ಅವರು ಲಂಡನಿನ ಈ ಶಾಲೆಯಲ್ಲಿ ಓದಿ, 1882ರಲ್ಲಿ ಪದವಿಯನ್ನು ಪಡೆದು, ಮರುವರುಷ ಮದ್ರಾಸಿಗೆ ಹಿಂದಿರುಗಿದರು. ಬಾಲ್ಯವಿವಾಹವನ್ನು ಒಪ್ಪಲಾರೆನೆಂದು ಬೊಂಬಾಯಿಯ ನ್ಯಾಯಾಲಯದಲ್ಲಿ ನಿಂತ ರಖಮಾಬಾಯಿಯವರೂ ಅದೇ ಶಾಲೆಯಲ್ಲಿ ಓದಿ 1894ರಲ್ಲಿ ವೈದ್ಯರಾಗಿ, ಸೂರತ್ ಪಟ್ಟಣದಲ್ಲಿ ಬಹು ವರುಷ ಕೆಲಸಮಾಡಿದರು. ಮೇರಿ ಶಾರ್ಲೀಬರ ಪ್ರಯತ್ನದಿಂದ 1885ರಲ್ಲಿ ಮದ್ರಾಸಿನಲ್ಲಿ ಗೋಷಾ ಸ್ತ್ರೀಯರಿಗಾಗಿ ಸ್ಥಾಪಿತವಾದ ಆಸ್ಪತ್ರೆಯು ಈಗಲೂ ತಿರುವಲ್ಲಿಕೇಣಿಯಲ್ಲಿ ಕಸ್ತೂರಬಾ ಗಾಂಧಿಯವರ ಹೆಸರಿನಲ್ಲಿ ಸರಕಾರದ ಹೆರಿಗೆ ಆಸ್ಪತ್ರೆಯಾಗಿ ನಡೆಯುತ್ತಿದೆ.